ಟಿಇಟಿ ಪಾಸಾದರೆ ಮೇಷ್ಟ್ರಾದಂತೆಯೇ?

ಅಲ್ಲ. ಕೆಂಗೇರಿ ಉಪನಗರದ ಸರ್ಕಾರಿ ಶಾಲೆಯಿರಲಿ, ಬೀದರಿನ ಶಾಲೆಯಿರಲಿ, ಕಾಯಂ ಶಿಕ್ಷಕರಾಗಲು ತರಬೇತಿ, ಅರ್ಹತೆ, ನೇಮಕಾತಿ ಎಂಬ ಮೂರು ಹಂತ ದಾಟಬೇಕು. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ನಡುವಿನದು ಮಾತ್ರ.

ತರಬೇತಿ: ಯಾವ ತರಗತಿಗೆ ಪಾಠ ಮಾಡುತ್ತೀರಿ ಎಂಬುದರ ಮೇಲೆ ಕೋರ್ಸು. 1ರಿಂದ 5ನೇ ತರಗತಿಗೆ ಪಿಯುಸಿ ಮುಗಿಸಿ 2 ವರ್ಷದ ಡಿ.ಎಲ್.ಎಡ್. ಓದಿರಬೇಕು. ಇಲ್ಲಿಗೆ ಬಿ.ಎಡ್. ಸಾಲದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. 6ರಿಂದ 8ಕ್ಕೆ ಪದವಿಯ ಜೊತೆ ಡಿ.ಎಲ್.ಎಡ್. ಅಥವಾ ಬಿ.ಎಡ್.; ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್.

ಅರ್ಹತೆ: 8ನೇ ತರಗತಿವರೆಗೆ ಟಿಇಟಿ ಕಡ್ಡಾಯ. 1ರಿಂದ 5ಕ್ಕೆ ಮೊದಲ ಪತ್ರಿಕೆ, 6ರಿಂದ 8ಕ್ಕೆ ಎರಡನೆಯದು. ತಲಾ 150 ಪ್ರಶ್ನೆ, 150 ಅಂಕ. ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬೇಕು. ಒಮ್ಮೆ ಪಡೆದ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿ.

ನೇಮಕಾತಿ: ಸರ್ಕಾರ ಹುದ್ದೆ ಕರೆದಾಗ ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ನಡೆದದ್ದು ಇದೇ. ಆಯ್ಕೆಯಲ್ಲಿ ಟಿಇಟಿ ಅಂಕಕ್ಕೂ ಪಾಲಿರುವುದರಿಂದ ಪಾಸಾದವರೂ ಮತ್ತೆ ಬರೆಯುವುದುಂಟು.

ಹಾಜರಿ ಪುಸ್ತಕ ಕೈಗೆ ಬಂದ ಮೇಲೂ ಕಲಿಕೆ ನಿಲ್ಲುವುದಿಲ್ಲ. ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಶಾಲೆಗೆ ಬಂದು ಪಾಠ ನೋಡಿ ಸಲಹೆ ಕೊಡುತ್ತಾರೆ. ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ(ಡಯಟ್)ಗಳು ತರಬೇತಿ ನಡೆಸುತ್ತವೆ. ಇಂಗ್ಲಿಷ್ ಕಲಿಸುವವರಿಗೆ ಕೆಂಗೇರಿ ಪಕ್ಕದ ಜ್ಞಾನಭಾರತಿ ಆವರಣದಲ್ಲೇ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. 1963ರಲ್ಲಿ ಶುರುವಾದ ಈ ಸಂಸ್ಥೆ 30 ದಿನಗಳ ಕೋರ್ಸು ನಡೆಸುತ್ತ ಬಂದಿದೆ.

ಸೇವೆಯಲ್ಲಿರುವ ಹಿರಿಯ ಶಿಕ್ಷಕರಿಗೂ ಈಗ ಟಿಇಟಿ ತಪ್ಪಿಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದವರು 2 ವರ್ಷದೊಳಗೆ ಪಾಸಾಗಬೇಕು. ಅದಕ್ಕಿಂತ ಕಡಿಮೆ ಇದ್ದವರು ಕೆಲಸದಲ್ಲಿ ಮುಂದುವರಿಯಬಹುದು. ಬಡ್ತಿ ಬೇಕೆಂದರೆ ಅವರೂ ಬರೆಯಬೇಕು.

ಪರೀಕ್ಷೆ ಅಳೆಯುವುದು ಓದಿದ್ದನ್ನು. ಒಂದೇ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಜಾಣ್ಮೆ ಒಎಂಆರ್ ಹಾಳೆಯಲ್ಲಿ ಕಾಣದು. ಅದು ಸೇವೆಯಲ್ಲಿದ್ದುಕೊಂಡೇ ಬರಬೇಕು. ಹಾಗಾಗಿ ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಎರಡು ಪ್ರಶ್ನೆ ಕೇಳಲಿ: ನಮ್ಮ ಶಿಕ್ಷಕರಿಗೆ ಈ ವರ್ಷ ಯಾವ ತರಬೇತಿ ಸಿಕ್ಕಿತು? ಅವರು ತರಬೇತಿಗೆ ಹೋದ ದಿನಗಳಲ್ಲಿ ತರಗತಿ ನೋಡಿಕೊಂಡವರು ಯಾರು?