ಸೊಳ್ಳೆ ವೈರಸ್ ತಾನಾಗಿಯೇ ಸೌಮ್ಯ ಆಗುತ್ತಾ?

ಗದಗ: 2006ರ ಚಿಕೂನ್‌ಗುನ್ಯಾ ಉತ್ತರ ಕರ್ನಾಟಕದ ಹಿರಿಯರಿಗೆ ಇನ್ನೂ ನೆನಪಿದೆ. ಊರಿಗೆ ಊರೇ ಕೀಲುನೋವಿನಿಂದ ಮಲಗಿತ್ತು. ರಾಜ್ಯದಲ್ಲಿ ಆ ವರ್ಷ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು.

‘ವೈರಸ್ ಹಳೇದಾದಂಗ ಸೌಮ್ಯ ಆಗತೈತಿ’ ಎಂಬ ಮಾತು ಅಂಗಡಿ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಇದನ್ನು ಪೂರ್ತಿ ನಂಬುವಂತಿಲ್ಲ. ನೆಗಡಿ ವೈರಸ್ ಹರಡಬೇಕೆಂದರೆ ರೋಗಿ ಸಂತೆ, ಬಸ್‌ಸ್ಟ್ಯಾಂಡ್ ಅಂತ ತಿರುಗಾಡಬೇಕು. ಚಿಕೂನ್‌ಗುನ್ಯಾಕ್ಕೆ ಆ ಹಂಗಿಲ್ಲ. ಹಾಸಿಗೆ ಹಿಡಿದವನನ್ನು ಕಚ್ಚಿದ ಸೊಳ್ಳೆಯೇ ವೈರಸ್ಸನ್ನು ಪಕ್ಕದ ಮನೆಗೆ ಒಯ್ಯುತ್ತದೆ. ವೈರಸ್‌ಗೆ ಗಟ್ಟಿಯಾಗಿರಬೇಕಾದದ್ದು ಸೊಳ್ಳೆ, ಮನುಷ್ಯನಲ್ಲ.

ಅದು ಬದಲಾದ ದಾರಿಯೂ ಹಾಗೇ ಇದೆ. 2006ರಲ್ಲಿ ಕರ್ನಾಟಕದಲ್ಲಿ ರೋಗ ಹರಡಿದ್ದು ಮುಖ್ಯವಾಗಿ ಮನೆಯ ನೀರಿನಲ್ಲಿ ಬೆಳೆಯುವ ಈಡಿಸ್ ಈಜಿಪ್ಟೈ ಸೊಳ್ಳೆ. ಮರುವರ್ಷ ಕೇರಳದಲ್ಲಿ ವೈರಸ್‌ನ ಹೊರಕವಚದ ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದ ತಳಿ ಕಂಡಿತು. ಅಷ್ಟರಿಂದಲೇ ರಬ್ಬರ್ ತೋಟಗಳ ಈಡಿಸ್ ಅಲ್ಬೊಪಿಕ್ಟಸ್ ಸೊಳ್ಳೆಯಲ್ಲೂ ಅದು ಸುಲಭವಾಗಿ ಬೆಳೆಯತೊಡಗಿತು.

ಗದಗ-ಬೆಟಗೇರಿಯಲ್ಲಾಗಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಾಗಲಿ, ನಳದ ನೀರು ದಿನಾ ಬಾರದ ಮನೆಯಲ್ಲಿ ಬ್ಯಾರೆಲ್ ತುಂಬಿಡದೆ ಗತಿಯಿಲ್ಲ. ಮುಚ್ಚಳ ಭದ್ರವಾಗಿರಲಿ. ವಾರಕ್ಕೊಮ್ಮೆ ಖಾಲಿ ಮಾಡಿದರಷ್ಟೇ ಸಾಲದು, ಒಳಬದಿಯನ್ನು ತಿಕ್ಕಿ ತೊಳೆಯಬೇಕು: ಅಲ್ಲಿ ಅಂಟಿದ ಈಡಿಸ್ ತತ್ತಿ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.