ಘೋಘಾ ಬಂದರಿಗೆ ಹೋಗಿಬಂದೆವು

ಸೂರತ್ತಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಸಮುದ್ರವೆಂದರೆ ಡುಮಸ್. ಭಾನುವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ, ಕಪ್ಪು ಮರಳಿನ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ, ಟೊಮೇಟೊ ಭಜಿಯ ತಿಂದು ಮನೆಗೆ ಬಂದರೆ ಸಮುದ್ರದರ್ಶನ ಮುಗಿದಂತೆ. ಆ ನೀರಿನ ಆಚೆ ಏನಿದೆಯೆಂದು ವಿಚಾರಿಸಿದವರು ನಮ್ಮಲ್ಲಿ ಕಡಿಮೆ. ಆಚೆ ಸೌರಾಷ್ಟ್ರವಿದೆ. ವಾಯವ್ಯಕ್ಕೆ, ಖಂಭಾತ್ ಕೊಲ್ಲಿಯ ಎದುರು ದಡದಲ್ಲಿ, ಘೋಘಾ ಎಂಬ ಬಲು ಹಳೆಯ ಬಂದರಿದೆ. ಕಳೆದ ಚಳಿಗಾಲದಲ್ಲಿ ಎರಡು ದಿನದ ರಜೆ ಒಟ್ಟಿಗೆ ಸಿಕ್ಕಿತು. ಸರ್ಕಾರಿ ಗುಮಾಸ್ತರಿಗೆ ಇಂಥ ಯೋಗ ದಿನವೂ ಬರುವುದಿಲ್ಲವಷ್ಟೆ. ನಮ್ಮ ಸಂಘದ ಎರಡು ಸಂಸಾರಗಳು, ಮಕ್ಕಳು ಮುದುಕರು ಸೇರಿ ಎಂಟು ಜನ, ಹಡಗು ಹತ್ತಿಯೇ ಬಿಟ್ಟೆವು.

ಮುದುಕರು ಎಂದದ್ದು ನಮ್ಮ ತಾಯಿಯವರನ್ನು. ಅವರು ಹೊನ್ನಾವರದ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಅವರನ್ನು ಸೂರತ್ತಿಗೆ ಕರೆತಂದು ಎರಡು ವರ್ಷವಾಗಿತ್ತು. ಮೂರನೆಯ ಮಹಡಿಯ ಬಾಡಿಗೆ ಮನೆ. ಅಂಗಳವಿಲ್ಲ, ಬಾವಿಯಿಲ್ಲ, ಮಾತಿಗೆ ಜನವಿಲ್ಲ. ಊರಿಗೆ ಹೋಗಿ ಒಬ್ಬಳೇ ಇರುತ್ತೇನೆಂದು ಅವರ ಹಠ; ಅರವತ್ತೆಂಟು ವರ್ಷದವರನ್ನು ಒಬ್ಬರನ್ನೇ ಹೇಗೆ ಬಿಡುವುದೆಂದು ನಮ್ಮ ಹಠ. ಕೊನೆಗೆ ಕೊಂಕಣ ರೈಲಿಗೆ ಅವರ ಟಿಕೇಟು ತೆಗೆಸುವ ಮಾತಾಯಿತು. ಹೋಗುವುದಕ್ಕೆ ಮಾತ್ರ. ಪ್ರವಾಸದ ಎರಡು ದಿನ ಈ ವಿಷಯವನ್ನು ಯಾರೂ ಎತ್ತಕೂಡದೆಂದು ಮನೆಯಲ್ಲಿ ಒಪ್ಪಂದ ಮಾಡಿಕೊಂಡು ಹೊರಟೆವು.

ಹಡಗು ಹೊರಡುವುದು ಹಜೀರಾದಿಂದ. ಇಲ್ಲಿಂದ ಘೋಘಾಕ್ಕೆ ರಸ್ತೆಯ ಮೇಲೆ ಹೋದರೆ ಕೊಲ್ಲಿಯನ್ನು ಪೂರ್ತಿ ಬಳಸಿಕೊಂಡು ಸುಮಾರು 370 ಕಿಲೋಮೀಟರು. ಹತ್ತು ಹನ್ನೆರಡು ಗಂಟೆಯ ಹಾದಿ. ನೀರಿನ ಮೇಲೆ 90 ಕಿಲೋಮೀಟರು, ನಾಲ್ಕು ಗಂಟೆ. ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರಲ್ಲಿ ಭಾವನಗರ, ಅಮ್ರೇಲಿ ಕಡೆಯವರು ಎಷ್ಟು ಜನರೆಂಬುದನ್ನು ಬಲ್ಲವರಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಮೊದಲು 2017ರ ಅಕ್ಟೋಬರಿನಲ್ಲಿ ಘೋಘಾದಿಂದ ದಹೇಜಿಗೆ ಈ ಸೇವೆ ಆರಂಭವಾಗಿತ್ತು. ದಹೇಜಿನ ಕಡೆ ಹೂಳು ತುಂಬಿ ಹಡಗಿಗೆ ಬೇಕಾದಷ್ಟು ನೀರು ನಿಲ್ಲದೆ ಆ ದಾರಿ ನಿಂತಿತು. ಬಳಿಕ 2020ರ ನವೆಂಬರ್ 8ರಂದು ಹಜೀರಾದ ದಾರಿ ತೆರೆಯಿತು. ಆಗ ಹೊರಟ ‘ವಾಯೇಜ್ ಸಿಂಫನಿ’ ಎಂಬ ಹಡಗಿಗೆ ಮೂರು ಅಂತಸ್ತು: ಕೆಳಗೆ 30 ಲಾರಿ, ಅದರ ಮೇಲೆ 100 ಕಾರು, ಎಲ್ಲಕ್ಕೂ ಮೇಲೆ 500 ಜನ. ಲಾರಿಗಳು ಒಂದರ ಹಿಂದೊಂದು ಹಡಗಿನ ಹೊಟ್ಟೆಯೊಳಗೆ ಹೋಗುವುದನ್ನು ಕಂಡು ನಮ್ಮ ಮಕ್ಕಳು ಊಟ ತಿಂಡಿ ಮರೆತರು. ನಾವು ಮರೆಯಲಿಲ್ಲ, ಡಬ್ಬಿಯಲ್ಲಿ ಚಿತ್ರಾನ್ನವಿತ್ತು.

ಹಜೀರಾದ ಚಿಮಣಿಗಳು, ಅನಿಲದ ತೊಟ್ಟಿಗಳು ಹಿಂದೆ ಬಿದ್ದವು. ಪಕ್ಕದಲ್ಲೇ ಸುವಾಲಿ. ಸರ್ ಥಾಮಸ್ ರೋ 1615ರಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿ ಬಂದು ಇಳಿದದ್ದು ಅಲ್ಲಿಯೇ. ತಾಪಿ ನದಿಯ ಹೂಳಿನ ದೆಸೆಯಿಂದ ದೊಡ್ಡ ಹಡಗುಗಳು ಸೂರತ್ತಿನ ಪೇಟೆಯವರೆಗೆ ಹೋಗಲಾರದೆ ಸುವಾಲಿಯಲ್ಲೇ ಲಂಗರು ಹಾಕುತ್ತಿದ್ದವು. ಹೂಳಿನ ಕಥೆ ಈ ಕೊಲ್ಲಿಯಲ್ಲಿ ಹೊಸದೇನಲ್ಲ. ತಾಪಿ, ನರ್ಮದೆ, ಮಾಹಿ, ಸಾಬರಮತಿ, ನಾಲ್ಕೂ ನದಿಗಳು ತಮ್ಮ ಮಣ್ಣನ್ನೆಲ್ಲ ಇದೇ ಕೊಲ್ಲಿಗೆ ತಂದು ಸುರಿಯುತ್ತವೆ. ಆದ್ದರಿಂದ ನೀರಿಗೆ ನೀಲಿಯ ಬಣ್ಣವಿಲ್ಲ. ಹಾಲು ಕಡಿಮೆಯಾದ ಚಹದ ಬಣ್ಣ. ತಾಯಿಯವರು ಕಟಾಂಜನ ಹಿಡಿದು ಬಹಳ ಹೊತ್ತು ನೋಡಿ, “ತಮಾ, ಇದು ಸಮುದ್ರವೋ, ಉತ್ತ ಗದ್ದೆಯೋ?” ಎಂದರು. ಹೊನ್ನಾವರದ ನೀರನ್ನು ಕಂಡವರು ಹಾಗೆ ಕೇಳುವುದು ಸಹಜ.

ಘೋಘಾ ಸಮೀಪಿಸಿದಾಗ ಎಡಕ್ಕೆ ಪಿರಮ್ ದ್ವೀಪ ಕಾಣಿಸಿತು. ಚಿಕ್ಕ ದ್ವೀಪ, ದೊಡ್ಡ ಹೆಸರು. ಮೋಖಡಾಜಿ ಗೋಹಿಲನೆಂಬ ದೊರೆ ಇದನ್ನು ನೆಲೆ ಮಾಡಿಕೊಂಡು ಬಂದುಹೋಗುವ ಹಡಗುಗಳಿಂದ ಸುಂಕ ವಸೂಲು ಮಾಡುತ್ತಿದ್ದ. 1347ರಲ್ಲಿ ಮಹಮದ್ ಬಿನ್ ತುಘಲಕನ ಸೇನೆಯೊಡನೆ ಕಾದಾಡಿ ಮಡಿದ. ಇದಕ್ಕೂ ಹಳೆಯ ನಿವಾಸಿಗಳೂ ಇಲ್ಲಿದ್ದವು. ಜಿರಾಫೆಯ ಕುಲಕ್ಕೆ ಸೇರಿದ, ನಾಲ್ಕು ಕೊಂಬಿನ ‘ಬ್ರಹ್ಮಥೀರಿಯಮ್’ ಎಂಬ ಪ್ರಾಣಿಯ ಕಲ್ಲಾದ ಎಲುಬುಗಳು ಈ ದ್ವೀಪದಲ್ಲಿ ಸಿಕ್ಕಿ, 19ನೆಯ ಶತಮಾನದಲ್ಲಿ ವಿದ್ವಾಂಸರನ್ನು ಬೆರಗುಗೊಳಿಸಿದವು.

ಹಡಗು ದಕ್ಕೆಗೆ ತಗುಲುವ ಏರ್ಪಾಟು ನೋಡತಕ್ಕದ್ದು. ಖಂಭಾತ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಮೂವತ್ತು ಅಡಿಗೂ ಮೀರಿ ವ್ಯತ್ಯಾಸವಾಗುವುದುಂಟು. ಭಾರತದ ಕರಾವಳಿಯಲ್ಲಿ ಇದಕ್ಕೆ ಸಾಟಿಯಿಲ್ಲ. ನಮ್ಮ ಹೊನ್ನಾವರದಲ್ಲಿ ನೀರು ಒಂದಾಳುದ್ದ ಏರಿದರೆ ದೊಡ್ಡ ಮಾತು. ಇಲ್ಲಿ ಮೂರು ಮಹಡಿಯ ಮನೆ ಮುಳುಗಿ ಏಳುತ್ತದೆ. ಗಟ್ಟಿಯಾಗಿ ಕಟ್ಟಿದ ದಕ್ಕೆ ಇದಕ್ಕೆ ಹೊಂದದು. ಆದಕಾರಣ ಒಂದು ತುದಿಯನ್ನು ದಡಕ್ಕೆ ಬಿಗಿದು, ಇನ್ನೊಂದು ತುದಿ ನೀರಿನೊಡನೆ ತಾನೂ ಏರಿ ಇಳಿಯುವಂತೆ ಉದ್ದನೆಯ ಕಬ್ಬಿಣದ ಸೇತುವೆಯೊಂದನ್ನು ಇಟ್ಟಿದ್ದಾರೆ. ಲಾರಿಗಳು ಅದರ ಮೇಲೆ ಗುಡುಗುಡು ಎಂದು ದಡ ಸೇರುತ್ತವೆ.

ಈ ಸೇತುವೆ ಇಲ್ಲದ ಕಾಲದಲ್ಲಿ ಇಲ್ಲಿ ಇಳಿದವರ ಪಾಡೇನು? ಅದನ್ನು ಬರೆದಿಟ್ಟ ಒಬ್ಬ ಮಹಾನುಭಾವನಿದ್ದಾನೆ: ಮೊರಾಕ್ಕೊ ದೇಶದ ಇಬ್ನ್ ಬತೂತ. ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟವನು 1342ರಲ್ಲಿ ಈ ಕೊಲ್ಲಿಯಲ್ಲಿ ಹಡಗು ಹತ್ತಿ, ಪಿರಮನ್ನು ನೋಡಿಕೊಂಡು ಘೋಘಾಕ್ಕೆ ಬಂದ. ನೀರಿಳಿದಿತ್ತು, ಹಡಗು ನಾಲ್ಕು ಮೈಲಿ ದೂರದಲ್ಲೇ ನಿಂತಿತು. ಸಣ್ಣ ದೋಣಿಯಲ್ಲಿ ಹೊರಟರೆ ಅದೂ ಊರಿಗೆ ಒಂದು ಮೈಲಿಯಿರುವಾಗ ಕೆಸರಿನಲ್ಲಿ ಹೂತುಕೊಂಡಿತು. ಈಜು ಸರಿಯಾಗಿ ಬಾರದ ಮನುಷ್ಯ. ನೀರು ಮರಳಿ ಬರುತ್ತದೆಂದು ಜನ ಹೆದರಿಸಿದರು. ಇಬ್ಬರು ಸಂಗಡಿಗರ ಹೆಗಲ ಮೇಲೆ ಭಾರ ಹಾಕಿ ಕೆಸರು ತುಳಿಯುತ್ತ ಊರು ಸೇರಿದ. ಸೇರಿದ ಮೇಲೆ ಕಂಡದ್ದು ದೊಡ್ಡ ಪಟ್ಟಣ, ದೊಡ್ಡ ಪೇಟೆ.

ಕನ್ನಡಿಗರಾದ ನಮಗೆ ಇದಕ್ಕಿಂತ ರುಚಿಕರವಾದುದು ಮುಂದಿನ ಮಾತು. ಇಲ್ಲಿಂದ ಹೊರಟ ಆ ಹಡಗು ಗೋವೆಯನ್ನು ಮುಟ್ಟಿ ಮತ್ತೆಲ್ಲಿಗೆ ಹೋಯಿತು ಗೊತ್ತೆ? ನೆಟ್ಟಗೆ ನಮ್ಮ ಹೊನ್ನಾವರಕ್ಕೆ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡು, ಇಂಥದನ್ನು ಬೇರೆಲ್ಲೂ ನೋಡಲಿಲ್ಲವೆಂದು ಆತ ಬರೆದ. ಊಟದ ವಿವರವನ್ನೂ ಬಿಡಲಿಲ್ಲ: ಅನ್ನಕ್ಕೆ ತುಪ್ಪ, ಜೊತೆಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಘೋಘಾದ ದಕ್ಕೆಯಲ್ಲಿ ನಿಂತು ತಾಯಿಯವರಿಗೆ ಇದನ್ನು ಹೇಳಿದಾಗ ಅವರು ಶಾಲೆಗಳ ಸುದ್ದಿಗೆ ಸುಮ್ಮನಿದ್ದರು; ಮೊಸರಿನ ಸುದ್ದಿಗೆ ಮಾತ್ರ, “ಮತ್ತೆ? ಮೊಸರಿಲ್ಲದೆ ಊಟ ಮುಗಿಯುತ್ತದೋ?” ಎಂದು ಏಳುನೂರು ವರ್ಷದ ಹಿಂದಿನ ಅಡಿಗೆಯವರ ಪಕ್ಷ ವಹಿಸಿದರು.

ಈಗಿನ ಘೋಘಾದಲ್ಲಿ ಆ ದೊಡ್ಡ ಪೇಟೆಯಿಲ್ಲ. ಇಕ್ಕಟ್ಟಾದ ಬೀದಿಗಳು, ಕೆತ್ತನೆಯ ಬಾಗಿಲಿಗೆ ಬೀಗ ಬಿದ್ದ ಮನೆಗಳು, ಅಲ್ಲಲ್ಲಿ ಕುಸಿದ ಹಳೆಯ ಗೋಡೆ, ಒಣಗಲು ಹಾಕಿದ ಬಲೆ. ನವಖಂಡಾ ಪಾರ್ಶ್ವನಾಥನ ಜೈನಮಂದಿರ ಮಾತ್ರ ಅಚ್ಚುಕಟ್ಟಾಗಿದೆ. ಒಂಬತ್ತು ತುಂಡಾಗಿದ್ದ ವಿಗ್ರಹ ಕೂಡಿಕೊಂಡು ಒಂದಾಯಿತೆಂಬುದು ಅದರ ಐತಿಹ್ಯ. ಊರೂ ಅದೇ ರೀತಿ ಒಡೆದು ಒಡೆದು ಕೂಡಿಕೊಂಡದ್ದು. ಪೋರ್ಚುಗೀಸರು 1531ರಲ್ಲಿ ಒಮ್ಮೆ, 1546ರಲ್ಲಿ ಮತ್ತೊಮ್ಮೆ ಇದನ್ನು ಸುಟ್ಟರು. ಆಗಲೂ ಊರು ಎದ್ದು ನಿಂತಿತು. ಅದನ್ನು ಮಲಗಿಸಿದ್ದು ಬೆಂಕಿಯಲ್ಲ, ನೆರೆಮನೆಯವರು. 1723ರಲ್ಲಿ ಭಾವಸಿಂಹಜಿ ಗೋಹಿಲರು ಕೆಲವೇ ಮೈಲಿ ಆಚೆ ಭಾವನಗರವನ್ನು ಕಟ್ಟಿ ವರ್ತಕರನ್ನು ಕರೆದರು. ಹತ್ತಿ ಬೆಳೆಯುವ ಸೀಮೆ ಅದಕ್ಕೆ ಹತ್ತಿರ, ಘೋಘಾಕ್ಕೆ ದೂರ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ನಮ್ಮ ಹತ್ತಿಗೆ ಬೆಲೆ ಬಂದಾಗ ಘೋಘಾ ಇನ್ನೊಮ್ಮೆ ಕಣ್ಣು ಬಿಟ್ಟಿತು. ಯುದ್ಧ ಮುಗಿಯಿತು, ವ್ಯಾಪಾರವೂ ಭಾವನಗರಕ್ಕೆ ನಡೆಯಿತು. ಉಳಿದದ್ದು ಖಲಾಸಿಗಳ ಕೀರ್ತಿ. ಇಂಡಿಯಾದಲ್ಲೇ ಉತ್ತಮ ನಾವಿಕರು ಘೋಘಾದವರೆಂದು ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಬರೆದಿದೆ.

ಚಹದಂಗಡಿಯ ಮುದುಕರೊಬ್ಬರು ನಮ್ಮ ಭಾಷೆ ಕೇಳಿ ಯಾವ ದೇಶವೆಂದು ವಿಚಾರಿಸಿದರು. ಕರ್ನಾಟಕವೆಂದಾಗ ನಕ್ಕು, “ಲಂಕಾನೀ ಲಾಡೀ ನೇ ಘೋಘಾನೋ ವರ” ಎಂದರು. ಲಂಕೆಯ ಮದುವಣಗಿತ್ತಿ, ಘೋಘಾದ ವರ! ಇಲ್ಲಿಯ ಹಡಗಿನವರು ಅಷ್ಟು ದೂರ ಹೋಗಿ ಬರುತ್ತಿದ್ದ ಕಾಲದ ಗಾದೆ. ಗುಜರಾತಿ ಅರ್ಥವಾಗದಿದ್ದರೂ ತಾಯಿಯವರು ಒಂದು ಮಾತನ್ನು ಹಿಡಿದುಕೊಂಡರು. ಮುದುಕರು ಏರುನೀರಿಗೆ ‘ಭರತೀ’ ಎಂದಿದ್ದರು. “ನಮ್ಮಲ್ಲೂ ಭರತ ಅಂತಲೇ ಹೇಳುವುದು” ಎಂದು ಅವರಿಗೆ ಕನ್ನಡದಲ್ಲೇ ತಿಳಿಸಿದರು. ಅವರೂ ತಲೆಯಾಡಿಸಿದರು. ಸೂರತ್ತಿನಲ್ಲಿ ಎರಡು ವರ್ಷದಲ್ಲಿ ಅವರು ಅಪರಿಚಿತರೊಡನೆ ಆಡಿದ ಮಾತು ಇಷ್ಟಿರಲಿಲ್ಲ.

ರಾತ್ರಿ ಭಾವನಗರದಲ್ಲಿ ತಂಗಿದೆವು. ಗಾಂಧೀಜಿಯವರು 1888ರಲ್ಲಿ ಕೆಲವು ತಿಂಗಳು ಓದಿದ ಸಾಮಲದಾಸ ಕಾಲೇಜಿನ ಊರು ಅದು. ಗಾಠಿಯ ಕೊಂಡುಕೊಂಡೆವು, ಹೆಚ್ಚು ಹೇಳುವಂಥದಿಲ್ಲ.

ಮಾರನೆಯ ದಿನ ಕೋಳಿಯಾಕಕ್ಕೆ ಹೋದೆವು. ಘೋಘಾದಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಕಡಲತೀರದ ಹಳ್ಳಿ. ಇಲ್ಲಿಯ ನಿಷ್ಕಳಂಕ ಮಹಾದೇವನ ಗುಡಿಯಿರುವುದು ದಡದ ಮೇಲಲ್ಲ, ಸಮುದ್ರದೊಳಗೆ, ಸುಮಾರು ಒಂದು ಕಿಲೋಮೀಟರು ಆಚೆ. ಉಬ್ಬರದಲ್ಲಿ ಧ್ವಜಸ್ತಂಭವೊಂದು ಬಿಟ್ಟು ಏನೂ ಕಾಣಿಸದು. ನೀರಿಳಿದಾಗ ಕಟ್ಟೆಯೂ, ಅದರ ಮೇಲೆ ಐದು ಲಿಂಗಗಳೂ ಮೇಲೇಳುತ್ತವೆ. ಕುರುಕ್ಷೇತ್ರದ ಪಾಪ ತೊಳೆದುಕೊಳ್ಳಲು ಬಂದ ಪಾಂಡವರಿಗೆ ಒಬ್ಬೊಬ್ಬರಿಗೆ ಒಂದೊಂದಾಗಿ ಶಿವ ಕಾಣಿಸಿಕೊಂಡನೆಂಬುದು ಸ್ಥಳಪುರಾಣ. ಭಾದ್ರಪದದ ಅಮಾವಾಸ್ಯೆಗೆ ದೊಡ್ಡ ಜಾತ್ರೆ. ಅಸ್ಥಿ ಬಿಡಲೂ ಜನ ಬರುತ್ತಾರೆ. ಹೋಗಬೇಕೆನ್ನುವ ವಾಚಕರಿಗೆ ಒಂದು ಮಾತು: ಇಳಿತದ ಹೊತ್ತು ದಿನದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಸರಿಯುತ್ತದೆ, ಹಿಂದಿನ ದಿನವೇ ಸ್ಥಳೀಕರನ್ನು ಕೇಳಿಕೊಂಡು ಹೊರಡಿ, ಅವರು ಹೇಳಿದ ಹೊತ್ತಿಗೆ ಹಿಂದಿರುಗಿ.

ನಾವು ಹೋದಾಗ ನೀರು ಇನ್ನೂ ಇಳಿಯುತ್ತಿತ್ತು. ದಡದಲ್ಲಿ ಕುಳಿತೇ ಕೈಮುಗಿಯಿರೆಂದು ತಾಯಿಯವರಿಗೆ ಹೇಳಿದೆವು. ಅವರು ಉತ್ತರ ಕೊಡಲಿಲ್ಲ; ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಇಳಿದೇ ಬಿಟ್ಟರು. ಕಣಕಾಲು ಮುಳುಗುವ ಕೆಸರು, ನಡುವೆ ಪಾಚಿ ಹಿಡಿದ ಕಲ್ಲು. ಅತ್ತ ನಾವು, ಇತ್ತ ಸೊಸೆ. ಇಬ್ಬರ ಹೆಗಲ ಮೇಲೂ ಅವರ ಕೈ. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ಮುಕ್ಕಾಲು ಗಂಟೆಯಲ್ಲಿ ಕಟ್ಟೆಯನ್ನು ಮುಟ್ಟಿದೆವು. ಅವರು ಐದು ಲಿಂಗಗಳಿಗೂ ನೀರೆರೆದು, ಕೊನೆಯ ಬೊಗಸೆಯನ್ನು ಹಿಡಿದುಕೊಂಡು ಪಡುವಣಕ್ಕಲ್ಲ, ತೆಂಕಣಕ್ಕೆ ಮುಖಮಾಡಿ ಬಹಳ ಹೊತ್ತು ನಿಂತರು. ತುಟಿ ಅಲ್ಲಾಡುತ್ತಿತ್ತು. ಏನು ಹೇಳಿದರೆಂದು ನಾವು ಕೇಳಲಿಲ್ಲ.

ಅಷ್ಟರಲ್ಲಿ ಹೂ ಮಾರುವ ಹುಡುಗ ಬುಟ್ಟಿ ಎತ್ತಿಕೊಂಡ. ಅದೇ ಗಂಟೆ ಹೊಡೆದ ಹಾಗೆ. ಕಟ್ಟೆಯ ಮೇಲಿದ್ದವರೆಲ್ಲ ಹೊರಟರು. ಆ ನೀರು ಅಲೆಯೆತ್ತಿ ಬರುವುದಿಲ್ಲ. ಎಲ್ಲಿಯೋ ಇದ್ದ ಸಣ್ಣ ಗುಂಡಿ ತುಂಬುತ್ತದೆ, ಪಕ್ಕದ ಗುಂಡಿಗೆ ಕೂಡಿಕೊಳ್ಳುತ್ತದೆ, ನೋಡುವಷ್ಟರಲ್ಲಿ ನಾವು ಬಂದ ಹೆಜ್ಜೆಗುರುತು ಇಲ್ಲ. ಹಿಂದಿರುಗುವಾಗ ನಿಂತು ಉಸಿರಾಡಲು ನಾವು ಬಿಡಲಿಲ್ಲ. ದಡ ಸೇರಿ ತಿರುಗಿದರೆ ಕಟ್ಟೆಯ ಅರ್ಧ ನೀರಿನಲ್ಲಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ಕೈಕಾಲು ನಡುಗುತ್ತಿದ್ದುದನ್ನು ಅವರು ನೋಡಲಿಲ್ಲವೆಂದು ಕಾಣುತ್ತದೆ. ತಾಯಿಯವರು ಮಾತ್ರ ಪಾದದ ಕೆಸರು ತೊಳೆದುಕೊಳ್ಳುತ್ತ, “ನಮ್ಮ ಶರಾವತಿಯ ಅಳಿವೆಯಲ್ಲಿ ಇದಕ್ಕಿಂತ ಕೆಸರು” ಎಂದು ಶರಾ ಬರೆದರು.

ಸಂಜೆಯ ಹಡಗಿನಲ್ಲಿ ಮರಳಿದೆವು. ಮೇಲಂತಸ್ತಿನಲ್ಲಿ ಹಗ್ಗ ಸುತ್ತುತ್ತಿದ್ದ ಖಲಾಸಿಯೊಬ್ಬ ಘೋಘಾದವನೇ. ತಾಯಿಯವರು ತಮ್ಮ ಅರೆಬರೆ ಹಿಂದಿಯಲ್ಲಿ, ಹೊನ್ನಾವರ ಕಂಡಿದ್ದೀಯಾ ಎಂದು ಕೇಳಿದರು. ಹೆಸರು ಅವನಿಗೆ ತಿಳಿಯದು. ಆದರೆ ಸರಕಿನ ಹಡಗಿನಲ್ಲಿ ಮಂಗಳೂರಿಗೆ ಎರಡು ಸಲ ಹೋಗಿದ್ದನಂತೆ. ಹಾಗಾದರೆ ನಮ್ಮ ಊರಿನ ಮುಂದೆಯೇ ಹೋಗಿದ್ದಾನೆಂದು ಅವರು ತೀರ್ಮಾನಿಸಿ, ಚಿತ್ರಾನ್ನದ ಡಬ್ಬಿ ಖಾಲಿಯಾಗಿದ್ದುದರಿಂದ ಗಾಠಿಯ ಪೊಟ್ಟಣವನ್ನೇ ಅವನ ಮುಂದಿಟ್ಟರು. ಭಾವನಗರದ ಗಾಠಿಯವನ್ನು ಭಾವನಗರದವನಿಗೆ! ಆತ ಬೇಡವೆನ್ನಲಿಲ್ಲ.

ಹಜೀರಾ ತಲುಪಿದಾಗ ಕತ್ತಲಾಗಿತ್ತು. ಬಸ್ಸಿನಲ್ಲಿ ತಾಯಿಯವರೇ ಒಪ್ಪಂದ ಮುರಿದು ರೈಲಿನ ಮಾತೆತ್ತಿದರು. ಯುಗಾದಿಗೆ ಮೊದಲು ಊರಿಗೆ ಹೋಗಬೇಕು, ಮನೆಯ ಹಂಚು ತಿರುವಿಹಾಕಿಸಬೇಕು, ಅದಕ್ಕೆ ಮಾತಿಲ್ಲ ಎಂದರು. ಮಾರನೆಯ ದಿನ ಕಛೇರಿಯಿಂದ ಬರುತ್ತ ಟಿಕೇಟು ತೆಗೆಸಿದೆವು. ಮಳೆಗಾಲಕ್ಕೆ ಮುಂಚೆ ಹಿಂದಿರುಗುವುದನ್ನೂ ಸೇರಿಸಿ ತೆಗೆಸೆಂದು ಅವರೇ ಹೇಳಿದ್ದರು.