ತಪಾಸಣೆಯಿಂದ ಚಿಕಿತ್ಸೆಯವರೆಗೆ: ಕ್ಯಾನ್ಸರ್ ಶಂಕಿತರ ವಿಷಯದಲ್ಲಿ ಗ್ರಾಮ ಪಂಚಾಯಿತಿಗಳ ಹೊಣೆ

ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರನ್ನು ಗುರುತಿಸುವ ಮೊದಲ ಹೆಜ್ಜೆಗೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಬಾಯಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಲಾಗುತ್ತದೆ. ಸ್ತನವನ್ನು ತರಬೇತಿ ಪಡೆದ ಸಿಬ್ಬಂದಿ ಕೈಯಿಂದ ಪರೀಕ್ಷಿಸುತ್ತಾರೆ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು ಲೇಪಿಸಿ, ಒಂದು ನಿಮಿಷದ ಬಳಿಕ ಬಿಳಿಚಿಕೊಂಡ ಭಾಗವಿದೆಯೇ ಎಂದು ನೋಡುತ್ತಾರೆ. ರಾಷ್ಟ್ರೀಯ ಕಾರ್ಯಕ್ರಮದ ಅನ್ವಯ 30 ವರ್ಷ ಮೇಲ್ಪಟ್ಟವರಿಗೆ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಮನೆಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯರು ತಂಬಾಕು ಸೇವನೆ, ವಾಸಿಯಾಗದ ಹುಣ್ಣು, ಗಂಟು, ಅಸಹಜ ರಕ್ತಸ್ರಾವಗಳ ವಿವರವನ್ನು ನಮೂನೆಯಲ್ಲಿ ದಾಖಲಿಸಿಕೊಳ್ಳುತ್ತಾರೆ.

ಇಂತಹ ಸರಳ ತಪಾಸಣೆಯಿಂದ ನಿಜವಾಗಿ ಜೀವ ಉಳಿಯುವುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಪಂಚಾಯಿತಿಗಳಲ್ಲಿಯೇ. ಕೇರಳದ ತಿರುವನಂತಪುರಂ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಸಂಶೋಧನೆಯೊಂದು ಆರಂಭವಾಯಿತು. ಏಳು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ವರ್ಷ ಮೇಲ್ಪಟ್ಟವರ ಬಾಯಿಯನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದರು. ಉಳಿದ ಆರರಲ್ಲಿ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ನಮ್ಮ ದೃಷ್ಟಿಯಲ್ಲಿ ಅದು ಹೆಚ್ಚು ಮುಖ್ಯವಾದುದು. ತಪಾಸಣೆಯಲ್ಲಿ ಶಂಕೆ ಕಂಡುಬಂದವರು 5,145 ಮಂದಿ. ಮುಂದಿನ ಪರೀಕ್ಷೆಗೆ ವೈದ್ಯರ ಬಳಿ ಹೋದವರು 3,218 ಮಂದಿ. ಅಂದರೆ ನೂರಕ್ಕೆ 37 ಮಂದಿ ಹೋಗಲೇ ಇಲ್ಲ. ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು ಹೇಳಿದ ಮೇಲೂ ಸ್ಥಿತಿ ಹೀಗಿತ್ತು.

ನಮ್ಮ ಗ್ರಾಮಗಳಲ್ಲಿಯೂ ಇದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ನೋವಿಲ್ಲದ ಬಿಳಿ ಮಚ್ಚೆಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಮಹಿಳೆಯರಿಗೆ ಜೊತೆಗೆ ಬರುವವರಿರುವುದಿಲ್ಲ. ರೋಗದ ಹೆಸರೇ ಹುಟ್ಟಿಸುವ ಭಯವೂ ಸಣ್ಣದಲ್ಲ. ಶಿಬಿರದಲ್ಲಿ ಎಷ್ಟು ಜನ ಭಾಗವಹಿಸಿದರೆಂಬ ಸಂಖ್ಯೆಯನ್ನು ನಾವೆಲ್ಲರೂ ತಪ್ಪದೆ ವರದಿ ಮಾಡುತ್ತೇವೆ. ಚೀಟಿ ಪಡೆದವರಲ್ಲಿ ಎಷ್ಟು ಮಂದಿ ಆಸ್ಪತ್ರೆ ತಲುಪಿದರೆಂಬುದನ್ನು ಕೇಳುವ ರೂಢಿ ಇನ್ನೂ ಬೆಳೆದಿಲ್ಲ.

ಆ ಚೀಟಿಯ ಮಹತ್ವವನ್ನು ಕುಟುಂಬಗಳಿಗೆ ಬಿಡಿಸಿ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಆದರೆ ತುರ್ತು ಸಂದರ್ಭವನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಅಗತ್ಯ. ಗಾಬರಿಯಿಂದ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಸಾಲ ಮಾಡಿ ಹಣ ಕಟ್ಟಿದ ಬಳಿಕ ಯೋಜನೆಯನ್ನು ವಿಚಾರಿಸಿದರೆ ಪ್ರಯೋಜನವಾಗದು.

ಚಿಕಿತ್ಸೆ ಉಚಿತವಾದರೂ ಪ್ರಯಾಣ ಮತ್ತು ವಾಸ್ತವ್ಯದ ಹೊರೆ ಉಳಿಯುತ್ತದೆ. ಬಾಯಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷಗಳದ್ದು. ಆದರೆ ಅದನ್ನು ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಆರೇಳು ವಾರ ಪಡೆಯಬೇಕಾಗುತ್ತದೆ. ಅರ್ಧದಲ್ಲಿ ಊರಿಗೆ ಮರಳಿದರೆ ಅದುವರೆಗಿನ ಶ್ರಮವೂ ವ್ಯರ್ಥವಾಗಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ರೋಗಿಗಳಿಗೂ ಬಂಧುಗಳಿಗೂ ಧರ್ಮಶಾಲೆ ಇದೆ. ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿಯೂ ಇರುವುದರಿಂದ ಆ ಭಾಗದವರು ಮೊದಲು ಅಲ್ಲಿ ವಿಚಾರಿಸುವುದು ಒಳಿತು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ದೊರೆಯುವ ಮುಕ್ತ ನಿಧಿಯನ್ನು ಬಹುತೇಕ ಶುಚಿತ್ವದ ಕೆಲಸಗಳಿಗೇ ವೆಚ್ಚ ಮಾಡುವ ವಾಡಿಕೆ ಇದೆ. ನಿರ್ಗತಿಕ ಮಹಿಳೆ ಅಥವಾ ಕಡುಬಡ ಕುಟುಂಬದ ಆರೋಗ್ಯದ ಅಗತ್ಯಕ್ಕೂ ವಿಶೇಷ ಸಂದರ್ಭದಲ್ಲಿ ಅದನ್ನು ಬಳಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಮೊದಲ ಪ್ರಯಾಣದ ಬಸ್ ದರಕ್ಕೆ ಅಷ್ಟು ಸಾಕು.

ಆದುದರಿಂದ ಸಮಿತಿಯ ಮಾಸಿಕ ಸಭೆಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಸಮುದಾಯ ಆರೋಗ್ಯಾಧಿಕಾರಿಯವರಿಂದ ಎರಡು ಸಂಖ್ಯೆಗಳನ್ನು ಪಡೆಯತಕ್ಕದ್ದು: ಚೀಟಿ ಪಡೆದವರು ಎಷ್ಟು, ಆಸ್ಪತ್ರೆ ತಲುಪಿದವರು ಎಷ್ಟು. ಹೆಸರುಗಳನ್ನು ಸಭೆಯಲ್ಲಿ ಓದಕೂಡದು. ತಲುಪದವರ ಮನೆಗೆ ಎರಡು ವಾರಗಳೊಳಗೆ ಆರೋಗ್ಯ ಸಿಬ್ಬಂದಿ ಮತ್ತೊಮ್ಮೆ ಭೇಟಿ ನೀಡತಕ್ಕದ್ದು. ಕುಟುಂಬದವರು ಒಪ್ಪಿದಲ್ಲಿ ಮಾತ್ರ ವಾರ್ಡ್ ಸದಸ್ಯರು ಜೊತೆಗೆ ಹೋಗಬಹುದು.